ನಿಮ್ಮ ಲೇಖನ ಮೂರನೆಯ ಪುಟದಲ್ಲಿ ಶುರುವಾಗುತ್ತದೆ

ಪ್ರಿಯ ಬರಹಗಾರರೇ,

ಚಿತ್ರದುರ್ಗದಿಂದ ನೀವು ಕಳುಹಿಸಿದ ‘ಪಾಯಿಂಟ್ ಬಲ್ಲವನೇ ಪೂಲ್ ವೀರ’ ಎಂಬ ಆರು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಕೋಲಿನಿಂದ ಚೆಂಡು ಹೊಡೆದು ಮೇಜಿನ ಅಂಚಿನ ಕುಳಿಗಳಿಗೆ, ಅಂದರೆ ಪಾಕೆಟ್‌ಗಳಿಗೆ, ಬೀಳಿಸುವ ಪೂಲ್ ಆಟದ ಲೇಖನ ಅದು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ವಾಪಸ್ ಕಳುಹಿಸಿ ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಮೂರನೆಯ ಪುಟದಲ್ಲಿ ನೀವು ವಿವರಿಸಿರುವ ಒಂದು ಹೊಡೆತ, ಐವತ್ತೆಂಟು ವರ್ಷದ ನನ್ನನ್ನು ಕಚೇರಿ ಮುಗಿದ ಮೇಲೆ ದಾವಣಗೆರೆಯ ಒಂದು ಪೂಲ್ ಹಾಲ್‌ನ ಮೆಟ್ಟಿಲು ಹತ್ತಿಸಿತು. ಅದರ ಕಥೆ ಆಮೇಲೆ ಹೇಳುತ್ತೇನೆ.

ಸ್ನೂಕರ್ ಹುಟ್ಟಿದ ಕಥೆ ಹೇಳುವ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಹುಟ್ಟಿದ್ದು ಸ್ನೂಕರ್. ನೀವು ಬರೆಯಹೊರಟಿರುವುದು ಪೂಲ್. ಪಂಕಜ್ ಅಡ್ವಾಣಿ ಅವರ ಹೆಸರು ನಾಲ್ಕು ಕಡೆ ಬಂದಿದೆ. ಅವರು ವಿಶ್ವ ಚಾಂಪಿಯನ್ ಆಗಿದ್ದು ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗಳಲ್ಲಿ. ನಿಮ್ಮ ಹೊಡೆತಕ್ಕೆ ಅವರು ಸಾಕ್ಷಿ ಹೇಳಬೇಕಾಗಿಲ್ಲ.

ಇನ್ನು ಓಬವ್ವ. ಪಾಕೆಟ್‌ನ ಬಾಯಿ ಕಿಂಡಿಯಂತೆ, ಅದರ ಅಂಚು ಒನಕೆಯಂತೆ ಎಂದಿದ್ದೀರಿ. ಓಬವ್ವ ಕಿಂಡಿಯೊಳಗೆ ತೂರಿ ಬಂದವರನ್ನು ಅಲ್ಲೇ ಮುಗಿಸಿದಳು. ನಿಮ್ಮ ಪಾಕೆಟ್‌ನ ಅಂಚು ಬಂದ ಚೆಂಡನ್ನು ಬೇರೆ ದಾರಿಗೆ ಹಚ್ಚಿ ಕಳುಹಿಸುತ್ತದೆ. ಹೋಲಿಕೆ ಕೂಡುವುದೇ ಇಲ್ಲ. ನಿಮ್ಮ ಜಿಲ್ಲೆಯಿಂದ ಬರುವ ಕ್ರೀಡಾ ಲೇಖನಗಳಲ್ಲಿ ಆಕೆ ವಿಕೆಟ್ ಕಾಯುತ್ತಾಳೆ, ಕಬಡ್ಡಿಯ ಗೆರೆ ಕಾಯುತ್ತಾಳೆ, ವಾಲಿಬಾಲ್ ಬಲೆಯನ್ನೂ ಕಾಯುತ್ತಾಳೆ. ಪೂಲ್ ಟೇಬಲ್ ಬಳಿಯಾದರೂ ಆ ತಾಯಿಗೆ ವಿಶ್ರಾಂತಿ ಕೊಡಿ.

‘ಪಾಯಿಂಟ್’ ಎಂಬ ಪದದ ಬಗ್ಗೆಯೂ ಒಂದು ಮಾತು. ‘ಮಧ್ಯದ ಪಾಕೆಟ್‌ನ ಪಾಯಿಂಟ್ ಬಳಸಿ ಗೆಲ್ಲಿ’ ಎಂದು ಓದಿದವರಿಗೆ ಅಂಕಗಳ ನೆನಪಾಗುತ್ತದೆಯೇ ಹೊರತು ರಬ್ಬರಿನ ಮೂಲೆ ಕಣ್ಣಿಗೆ ಬರುವುದಿಲ್ಲ. ನಮ್ಮ ಉಪಸಂಪಾದಕರೂ ಹಾಗೆಯೇ ತಿಳಿದು, ಎಷ್ಟು ಅಂಕ ಎಂದು ಅಂಚಿನಲ್ಲಿ ಗುರುತು ಹಾಕಿದ್ದರು. ಟೇಬಲ್‌ನ ಉದ್ದಕ್ಕೆ ಬಂದ ಕುಶನ್ (ಅಂಚಿನ ರಬ್ಬರ್ ಪಟ್ಟಿ) ಪಾಕೆಟ್‌ನ ಬಾಯಿಯಲ್ಲಿ ತುಂಡಾಗಿ ಒಳಕ್ಕೆ ತಿರುಗುವ ಜಾಗಕ್ಕೆ ‘ಮೊನೆ’ ಎಂದರೆ ಸಾಕು. ಒಮ್ಮೆ ವಿವರಿಸಿ ಮುಂದೆಲ್ಲ ಅದನ್ನೇ ಬಳಸಿ.

ಈಗ ಮೂರನೆಯ ಪುಟ. ನೈನ್ ಬಾಲ್ ಆಟ. ಮೇಜಿನ ಮೇಲಿರುವ ಚೆಂಡುಗಳಲ್ಲಿ ಅತಿ ಚಿಕ್ಕ ಸಂಖ್ಯೆಯದನ್ನೇ ಬಿಳಿ ಚೆಂಡು ಮೊದಲು ಮುಟ್ಟಬೇಕು. ತಪ್ಪಿದರೆ ಫೌಲ್, ಎದುರಾಳಿ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟುಕೊಂಡು ಹೊಡೆಯಬಹುದು. (ಈ ನಿಯಮವನ್ನು ನೀವು ಐದನೆಯ ಪುಟದಲ್ಲಿ ಹೇಳಿದ್ದೀರಿ. ಅದಿಲ್ಲದೆ ಮೂರನೆಯ ಪುಟದಲ್ಲಿ ನಿಮಗೇಕೆ ಅಷ್ಟು ಸಂಕಟ ಎಂಬುದೇ ತಿಳಿಯುವುದಿಲ್ಲ.) ನಿಮಗೆ ಬೇಕಾದ ಮೂರನೆಯ ನಂಬರಿನ ಚೆಂಡು ಎಡಗಡೆಯ ಮಧ್ಯದ ಪಾಕೆಟ್‌ನ ಎದುರು ಒಂದು ಅಡಿ ದೂರದಲ್ಲಿದೆ. ಏಳನೆಯದು ಅಡ್ಡ ಕುಳಿತಿದೆ. ನೀವು ಬಿಳಿ ಚೆಂಡನ್ನು ಏಳರ ಪಕ್ಕದಿಂದ, ಎಡ ಕುಶನ್ ಬದಿಯಲ್ಲಿ ಮೆಲ್ಲಗೆ ಬಿಟ್ಟಿರಿ. ಅದು ಪಾಕೆಟ್‌ನ ಬಾಯಿ ದಾಟಿ ಆಚೆಯ ಮೊನೆಗೆ ತಾಗಿತು, ಮುಂದೆ ಹೋಗುವುದನ್ನು ಬಿಟ್ಟು ಹೆಚ್ಚುಕಡಿಮೆ ಲಂಬವಾಗಿ ಬಲಕ್ಕೆ ತಿರುಗಿತು, ಮೂರನ್ನು ಬೆನ್ನ ಹಿಂದಿನಿಂದ ಮುಟ್ಟಿತು. ಬಹಳ ಚೆನ್ನಾಗಿದೆ. ಆದರೆ ಇಲ್ಲಿಗೆ ಬಂದು ನೀವು ‘ಪವಾಡದಂತೆ’ ಎಂದು ಬರೆದು ಮುಂದಿನ ಸಾಲಿಗೆ ಹಾರಿಬಿಟ್ಟಿದ್ದೀರಿ. ಓದುಗ ಕಾದು ಕುಳಿತಿದ್ದ ಜಾಗವೇ ಅದು.

ಕೇರಂ ಆಡಿ ಬೆಳೆದ ನಮ್ಮ ಓದುಗರಿಗೆ ಚೌಕಟ್ಟಿಗೆ ತಾಗಿದ ಸ್ಟ್ರೈಕರ್ ಎತ್ತ ಹೋಗುತ್ತದೆ ಎಂಬುದು ಕೈಗೇ ಗೊತ್ತು. ಅಲ್ಲಿಂದ ಶುರು ಮಾಡಿ. ನೇರ ಕುಶನ್‌ಗೆ ತಾಗಿದ್ದರೆ ನಿಮ್ಮ ಚೆಂಡು ಮೇಜಿನ ಆ ಕಡೆಯ ಅರ್ಧಕ್ಕೆ ಓಡಿಹೋಗುತ್ತಿತ್ತು. ಮೊನೆಯಲ್ಲಿ ಹಾಗಲ್ಲ. ವಿಶ್ವ ಪೂಲ್-ಬಿಲಿಯರ್ಡ್ ಸಂಸ್ಥೆಯ ಅಳತೆಯಂತೆ ಮಧ್ಯದ ಪಾಕೆಟ್‌ನಲ್ಲಿ ಕುಶನ್ ಕತ್ತರಿಸುವ ಕೋನ 104 ಡಿಗ್ರಿ, ಮೂಲೆಯ ಪಾಕೆಟ್‌ನಲ್ಲಿ 142. ಅಂದರೆ ನೇರ ಗೆರೆಯ 180ರಿಂದ ಕಳೆದರೆ, ಮಧ್ಯದಲ್ಲಿ ರಬ್ಬರ್ ಒಂದೇ ಬಿಂದುವಿನಲ್ಲಿ 76 ಡಿಗ್ರಿ ತಿರುಗಿಬಿಡುತ್ತದೆ, ಮೂಲೆಯಲ್ಲಿ ಅದರ ಅರ್ಧ, 38. ಮಧ್ಯದ ಮೊನೆಯಿಂದ ಚೆಂಡು ಅಡ್ಡಕ್ಕೂ ಬರಬಹುದು, ಬಂದ ದಿಕ್ಕಿಗೂ ಮರಳಬಹುದು. ಮೊನೆಯ ಯಾವ ಬದಿ ಎಷ್ಟು ತಾಗಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

‘ಅಭ್ಯಾಸ ಮಾಡಿದರೆ ಪ್ರತಿ ಸಲವೂ ಸಾಧ್ಯ’ ಎಂಬ ನಿಮ್ಮ ವಾಕ್ಯ ಬಿದ್ದುಹೋಗುವುದೂ ಇಲ್ಲಿಯೇ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ: ನೀವು ಹೇಳಿದಂಥ ಹೊಡೆತದಲ್ಲಿ ಚೆಂಡಿನ ದಾರಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ರಬ್ಬರ್ ಒತ್ತಿಕೊಳ್ಳುವುದನ್ನೂ ಚೆಂಡು ತಿರುಗುವುದನ್ನೂ ಬದಿಗಿಟ್ಟರೂ, ಹೊರಬರುವ ದಿಕ್ಕು ಸುಮಾರು 6 ಡಿಗ್ರಿ ಬದಲಾಗುತ್ತದೆ. 30 ಸೆಂಟಿಮೀಟರ್ ದೂರದಲ್ಲಿ ಅದು 3 ಸೆಂಟಿಮೀಟರ್‌ನಷ್ಟು ತಪ್ಪು. ಚೆಂಡಿಗೆ ಚೆಂಡು ಹೇಗೋ ತಾಗುತ್ತದೆ. ಒಂದು ಮೀಟರ್ ದೂರವಾದರೆ ತಪ್ಪು 10 ಸೆಂಟಿಮೀಟರ್. ಬಿಳಿ ಚೆಂಡು ಗುರಿಯನ್ನು ಮಾತನಾಡಿಸದೆ ಹೋಗುತ್ತದೆ. ನಿಮ್ಮ ಹೊಡೆತ ಫಲಿಸಿದ್ದು ಮೂರನೆಯ ಚೆಂಡು ಪಾಕೆಟ್‌ಗೆ ಹತ್ತಿರವಿದ್ದುದರಿಂದ. ಇದನ್ನು ನೀವು ಎಲ್ಲಿಯೂ ಹೇಳಿಲ್ಲ. ಬದಲಿಗೆ ನಾಲ್ಕನೆಯ ಪುಟದಲ್ಲಿ ಇದೇ ಉಪಾಯದಿಂದ ಎದುರು ಕುಶನ್‌ಗೆ ಅಂಟಿದ ಚೆಂಡನ್ನೂ ಮುಟ್ಟಬಹುದು ಎಂದಿದ್ದೀರಿ. ಮುಟ್ಟಬಹುದು, ಅದೃಷ್ಟ ಹತ್ತಿರದಲ್ಲಿ ನಿಂತಿದ್ದರೆ.

ನನ್ನ ಕಥೆ ಇಷ್ಟು. ನೀವು ಹೇಳಿದಂತೆಯೇ ಚೆಂಡುಗಳನ್ನು ಇಟ್ಟು ಇಪ್ಪತ್ತು ಸಲ ಹೊಡೆದೆ. ಮೂರು ಸಲ ತಾಗಿತು. ಆರು ಸಲ ಬಿಳಿ ಚೆಂಡು ನೆಟ್ಟಗೆ ಪಾಕೆಟ್‌ಗೆ ಇಳಿಯಿತು. ಉಳಿದವು ಎತ್ತೆತ್ತಲೋ. ಜೋರಾಗಿ ಹೊಡೆದಾಗಲೆಲ್ಲ ಕೆಟ್ಟಿತು, ಮೆಲ್ಲಗೆ ಹೊಡೆದಾಗ ಮಾತ್ರ ಮೊನೆ ನನ್ನ ಮಾತು ಕೇಳಿತು. ಪಕ್ಕದ ಮೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ನಕ್ಕರು, ಆಮೇಲೆ ತಮ್ಮ ಆಟ ಬಿಟ್ಟು ನನ್ನ ಮೇಜಿಗೆ ಬಂದರು. ಒಂದು ಗಂಟೆಯ ಬಾಡಿಗೆಯನ್ನು ಪತ್ರಿಕೆಯ ಲೆಕ್ಕಕ್ಕೆ ಬರೆಯುವ ಧೈರ್ಯ ಬರಲಿಲ್ಲ.

ನಿಮ್ಮದೂ ಇಂಥ ಸಂಜೆಗಳಾಗಿರಲೇಬೇಕು. ‘ನಾಲ್ಕನೆಯ ಪ್ರಯತ್ನದಲ್ಲಿ’ ಎಂದು ಒಂದು ಕಡೆ ಬಾಯಿತಪ್ಪಿ ಹೇಳಿದ್ದೀರಿ. ಮೊದಲ ಮೂರು ಏನಾದವು? ಅವನ್ನು ಬರೆಯಿರಿ. ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದವರನ್ನು ಮಾಲೀಕರು ಕೈತೊಳೆಯಲು ಮೆಟ್ಟಿಲಿಳಿಸಿ ಕಳುಹಿಸುವ ಸಾಲು ಇದೆಯಲ್ಲ, ಅದರಲ್ಲಿ ಅಕ್ಷರವನ್ನೂ ಮುಟ್ಟಬೇಡಿ. ಎಣ್ಣೆಗೈ ಮತ್ತು ಹಸಿರು ಬಟ್ಟೆ ಎರಡೂ ಒಂದೇ ವಾಕ್ಯದಲ್ಲಿ ಸಿಕ್ಕಿಬಿಟ್ಟಿವೆ.

ಫೋಟೊ ಬಗ್ಗೆ ಹೇಳಲೇಬೇಕು. ನೀವು ಲಗತ್ತಿಸಿರುವ ಚಿತ್ರದಲ್ಲಿ ಮಧ್ಯದ ಪಾಕೆಟ್‌ನ ಬಾಯಿ ದುಂಡಗಿದೆ. ಅದು ಸ್ನೂಕರ್ ಟೇಬಲ್. ಅಲ್ಲಿ ಕುಶನ್ ಬಾಗಿ ಒಳಹೋಗುತ್ತದೆ, ಮೊನೆಯೇ ಇರುವುದಿಲ್ಲ. ನಿಮ್ಮ ವಿವರಣೆ ಅಲ್ಲಿ ಹಾಗೆಯೇ ನಡೆಯುವುದಿಲ್ಲ. ಇದನ್ನು ಬಲ್ಲ ಓದುಗ ಒಬ್ಬನಿದ್ದರೂ ಸಾಕು, ಮರುವಾರ ನನಗೆ ಕಾಗದ ಬರುತ್ತದೆ. ನೀವು ಆಡಿದ ಮೇಜಿನ ಚಿತ್ರವನ್ನೇ, ಮೊನೆ ಹತ್ತಿರದಿಂದ ಕಾಣುವಂತೆ ತೆಗೆಯಿರಿ. ಆ ಜಾಗದಲ್ಲಿ ಬಟ್ಟೆ ಸವೆದಿದ್ದರೆ, ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೂ ಬರೆಯಿರಿ. ಹಳೆಯ ಮೇಜುಗಳು ಅಳತೆಯ ಪುಸ್ತಕ ಓದಿ ಹುಟ್ಟಿದವಲ್ಲ.

ಆರು ಪುಟ ಮೂರಾಗಲಿ. ಹೊಸ ಪ್ರತಿಯನ್ನು ತಿಂಗಳ ಕೊನೆಯೊಳಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಡುತ್ತೇನೆ. ಚೆಂಡುಗಳ ಸ್ಥಾನ ತೋರಿಸುವ ನಕ್ಷೆಯನ್ನು ನೀವೇ ಸ್ಕೇಲ್ ಹಿಡಿದು ಬಿಡಿಸಿ ಕಳುಹಿಸಿ. ನಮ್ಮ ಚಿತ್ರಕಲಾವಿದರಿಗೆ ಪೂಲ್ ಎಂದು ಹೇಳಿ ನೋಡಿದೆ, ಈಜುಕೊಳ ಬರೆದು ತಂದರು.

ನಿಮ್ಮವ,
ಸಂಪಾದಕ