ಖಿನ್ನತೆಯಲ್ಲಿ ಚಡಪಡಿಕೆ: ಮಾತ್ರೆ ನಿಲ್ಲಿಸಬೇಕೆ?

ತಮ್ಮನಿಗೆ ತೀವ್ರ ಖಿನ್ನತೆ ಎಂದು ಮನೋವೈದ್ಯರು ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಶುರುಮಾಡಿ ಎಂಟು ದಿನವಾಯಿತು, ಆತ ಮಂಕಾಗಿ ಮಲಗುವವನಲ್ಲ, ಕೋಣೆಯಿಂದ ಕೋಣೆಗೆ ಸುತ್ತುತ್ತಾನೆ, ಏನೋ ಕೆಟ್ಟದ್ದು ಕಾದಿದೆ ಎನ್ನುತ್ತಾನೆ, ಮಾತ್ರೆ ಬಂದ ಮೇಲೆ ಅದು ಇನ್ನೂ ಜಾಸ್ತಿಯಾಗಿದೆ ಎಂದು ಬರೆದಿದ್ದೀರಿ. ಇದು ಖಿನ್ನತೆ ಹೌದೋ ಅಲ್ಲವೋ, ಮಾತ್ರೆ ನಿಲ್ಲಿಸಿಬಿಡಲೇ ಎಂಬುದು ನಿಮ್ಮ ಪ್ರಶ್ನೆ.

ನೀವಾಗಿಯೇ ನಿಲ್ಲಿಸಬೇಡಿ. ಹಾಗಂತ ಮುಂದಿನ ಭೇಟಿಯವರೆಗೆ ಕಾಯಲೂ ಬೇಡಿ, ಇವತ್ತೇ ವೈದ್ಯರಿಗೆ ಫೋನ್ ಮಾಡಿ.

ಖಿನ್ನತೆ ಎಂದರೆ ಗೋಡೆಗೆ ಮುಖ ಮಾಡಿ ಮಲಗುವುದಷ್ಟೇ ಅಲ್ಲ. ಮನೋರೋಗಗಳ ಲಕ್ಷಣಗಳನ್ನು ಪಟ್ಟಿಮಾಡುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿ ಖಿನ್ನತೆಯೊಳಗಿನ ಆತಂಕಕ್ಕೆ ಐದು ಲಕ್ಷಣ ಹೇಳುತ್ತದೆ: ಮೈಮನಸ್ಸು ಬಿಗಿದಿರುವುದು, ಚಡಪಡಿಕೆ, ಚಿಂತೆಯಿಂದ ಯಾವುದರಲ್ಲೂ ಗಮನ ನಿಲ್ಲದಿರುವುದು, ಏನೋ ಭಯಂಕರ ಆಗಲಿದೆ ಎಂಬ ಅಂಜಿಕೆ, ಹಿಡಿತ ತಪ್ಪಿಬಿಡುತ್ತೇನೆ ಎಂಬ ಭಯ. ಇವುಗಳಲ್ಲಿ ಎರಡಾದರೂ ಹೆಚ್ಚಿನ ದಿನಗಳಲ್ಲಿ ಇದ್ದರೆ ಆತಂಕಸಹಿತ ಖಿನ್ನತೆ. ಇಂಥವರು ಗುಣವಾಗುವುದು ಸ್ವಲ್ಪ ನಿಧಾನ. ಬಹಳಷ್ಟು ಮಂದಿ ವೈದ್ಯರ ಮುಂದೆ ಬೇಸರ, ಸುಸ್ತು ಅಷ್ಟೇ ಹೇಳಿ ಚಡಪಡಿಕೆಯ ಮಾತೇ ಎತ್ತುವುದಿಲ್ಲ. ಚಿಕಿತ್ಸೆ ಹಳಿ ತಪ್ಪುವುದು ಇಲ್ಲೇ.

ಮಾತ್ರೆಯ ಮೇಲೆ ಚಡಪಡಿಕೆ ಏರುವುದು ಹೊಸದೇನಲ್ಲ. ಸರ್ಟ್ರಾಲಿನ್ ಗುಂಪಿನ ಔಷಧಗಳ ಅಡ್ಡಪರಿಣಾಮ ಮೊದಲ ವಾರದಲ್ಲೇ ಕಾಣಿಸುತ್ತದೆ, ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆತಂಕ ಜೋರಾಗಿರುವವರಿಗೆ 50 ಮಿಲಿಗ್ರಾಂ ಬದಲು 25ರಿಂದ ಶುರುಮಾಡಿ, ಸುಮಾರು ಒಂದು ವಾರದ ಮೇಲೆ ಏರಿಸುವುದು ಅದಕ್ಕೇ. ಡೋಸ್ ಇಳಿಸಬಹುದೇ, ನಿದ್ದೆ ಕೆಟ್ಟಿದ್ದರೆ ಮಾತ್ರೆಯನ್ನು ಬೆಳಗ್ಗೆ ಕೊಡಬಹುದೇ ಎಂದು ಕೇಳಿ. ಆತಂಕ ತಗ್ಗಿಸಲು ಕ್ಲೋನಜೆಪಾಮ್‌ನಂಥದ್ದು ಕೊಟ್ಟರೆ ಎಷ್ಟು ದಿನಕ್ಕೆ ಎಂದು ಆಗಲೇ ಕೇಳಿಕೊಳ್ಳಿ. ಅದು ಎರಡು-ನಾಲ್ಕು ವಾರದ ಆಸರೆ, ಎಳೆದಷ್ಟೂ ಅಭ್ಯಾಸವಾಗಿಬಿಡುತ್ತದೆ.

ಫೋನಿನಲ್ಲಿ ಎರಡು ಸಂಗತಿ ಬಿಡಿಸಿ ಹೇಳಿ. ಭಯವೇನೂ ಇಲ್ಲದಿದ್ದರೂ ಕಾಲುಗಳೇ ಸುಮ್ಮನಿರಲು ಬಿಡುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ ಎಂದರೆ ಅದು ಔಷಧದಿಂದಲೇ ಬರುವ ಅಕಥೀಸಿಯಾ ಎಂಬ ತೊಂದರೆ ಇರಬಹುದು. ಮೂರು-ನಾಲ್ಕು ಗಂಟೆ ಮಲಗಿ ಎದ್ದರೂ ಆಯಾಸವಿಲ್ಲ, ಮಾತು ನಿಲ್ಲುತ್ತಿಲ್ಲ, ದೊಡ್ಡ ದೊಡ್ಡ ಯೋಜನೆ ಹಾಕುತ್ತಿದ್ದಾನೆ ಎಂದರೆ ಬೈಪೋಲಾರ್, ಅಂದರೆ ಖಿನ್ನತೆಯೂ ಅತಿಯಾದ ಉತ್ಸಾಹವೂ ಬಂದು ಹೋಗುವ ಕಾಯಿಲೆಯ, ಸಾಧ್ಯತೆ ನೋಡಬೇಕು. ಆಗ ನಿಮ್ಮ ಅನುಮಾನಕ್ಕೆ ನಿಜಕ್ಕೂ ಆಧಾರವಿದೆ.

ಗಾಬರಿ ಏರಿದಾಗ "ಜೋರಾಗಿ ಉಸಿರೆಳೆದುಕೋ" ಎನ್ನಬೇಡಿ. ಬೇಗ ಬೇಗ ಆಳವಾಗಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಸತ್ತೇ ಹೋಗುತ್ತೇನೆಂಬ ಭಯ ಇಮ್ಮಡಿಯಾಗುತ್ತದೆ. ಮೂಗಿನಿಂದ ಮೆಲ್ಲಗೆ, ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಸಮಾಧಾನವಿದ್ದಾಗಲೇ ದಿನಕ್ಕೆರಡು ಸಲ ಮಾಡಿಸಿ, ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಕಲಿಯಲಾಗದು. ಕಾಫಿ ಕಡಿಮೆ ಮಾಡಿ. ಮದ್ಯ ಬೇಡವೇ ಬೇಡ: ರಾತ್ರಿ ಮಲಗಿಸಿದಂತೆ ಮಾಡಿ ನಸುಕಿಗೆ ಎದೆ ಡವಡವ ಎನ್ನುವಂತೆ ಎಬ್ಬಿಸುತ್ತದೆ.

ಒಂದು ಮಾತು ಮಾತ್ರ ಮುಂದೂಡಬೇಡಿ. ಖಿನ್ನತೆ, ಚಡಪಡಿಕೆ, ನಿದ್ರಾಹೀನತೆ ಮೂರೂ ಸೇರಿದಾಗ ಆತ್ಮಹತ್ಯೆಯ ಅಪಾಯ ಹೆಚ್ಚು. ಅದರಲ್ಲೂ 25 ವರ್ಷದೊಳಗಿನವರನ್ನು ಚಿಕಿತ್ಸೆಯ ಮೊದಲ ವಾರಗಳಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. "ಸಾಯಬೇಕು ಅನ್ನಿಸುತ್ತಿದೆಯೇನಪ್ಪಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ನಿಮ್ಮ ಬಳಿ ಬೀಗದಲ್ಲಿಡಿ, ಅಂದೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಮುಂದೆ ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9, ಜಿಎಡಿ-7 ಎಂಬ ಪ್ರಶ್ನಾವಳಿಗಳನ್ನು ತುಂಬಿಸಿ, ಎರಡರ ಅಂಕವನ್ನೂ ಬೇರೆ ಬೇರೆ ಬರೆದಿಡಿ. ಮೊದಲನೆಯದು ಖಿನ್ನತೆಗೆ, 27ಕ್ಕೆ. ಎರಡನೆಯದು ಆತಂಕಕ್ಕೆ, 21ಕ್ಕೆ. ಮೊದಲನೆಯದು ಇಳಿದು ಎರಡನೆಯದು 10ರ ಮೇಲೇ ನಿಂತಿದ್ದರೆ ಚಿಕಿತ್ಸೆ ಮುಗಿದಿಲ್ಲ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಸೇರಿಸಬಹುದೇ ಎಂದು ಆ ಅಂಕಗಳನ್ನು ಮುಂದಿಟ್ಟು ಕೇಳಿ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಯಬೇಕು, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಹಂತ ಹಂತವಾಗಿಯೇ.