ಆಫೀಸಿಗೆ ಹೋಗುವವರು ಐದು ಹೊತ್ತಿನ ನಮಾಜ್ ಹೇಗೆ ಮಾಡುತ್ತಾರೆ?

ಪಕ್ಕದ ಸೀಟಿನವರು ದಿನಾ ಮಧ್ಯಾಹ್ನ ಹತ್ತು ನಿಮಿಷ ಎದ್ದು ಹೋಗಿ ನಮಾಜ್ ಮಾಡಿ ಬರುತ್ತಾರೆ, ಆದರೆ ಐದು ಸಲ ಹೋಗಿದ್ದನ್ನು ನೋಡೇ ಇಲ್ಲ, ಉಳಿದದ್ದು ಯಾವಾಗ, ತಪ್ಪಿದರೆ ಏನು ಅಂತ ಕೇಳಿದ್ದೀರಿ. ನಾನು ದಾವಣಗೆರೆಯವನು, ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ನಿಮ್ಮ ಪಕ್ಕದ ಸೀಟಿನವನು ನಾನೇ ಅಂದುಕೊಳ್ಳಿ.

ಆಜಾನ್ ಕೇಳಿದ ಕೂಡಲೇ ಎದ್ದು ಓಡಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಒಂದೊಂದು ನಮಾಜಿಗೂ ಒಂದು ವಕ್ತ್, ಅಂದರೆ ಸಮಯದ ಅವಧಿ, ಇರುತ್ತದೆ, ಅದರೊಳಗೆ ಮಾಡಿದರಾಯಿತು. ಮಸೀದಿಯಲ್ಲಿ ಜಮಾತಿನ ಜೊತೆ, ಅಂದರೆ ಎಲ್ಲರೂ ಒಟ್ಟಿಗೆ ನಿಂತು, ಮಾಡಿದರೆ ಪುಣ್ಯ ಜಾಸ್ತಿ, ಅದು ಬೇರೆ ಮಾತು. ಲೆಕ್ಕವೆಲ್ಲ ಸೂರ್ಯನದು. ಫಜರ್ ಮೂಡಣದಲ್ಲಿ ಬೆಳಕು ಹರಿದಾಗಿನಿಂದ ಸೂರ್ಯ ಹುಟ್ಟುವವರೆಗೆ. ಮಗ್ರಿಬ್ ಸೂರ್ಯ ಮುಳುಗಿದ ಮೇಲೆ, ಸುಮಾರು ಒಂದೂಕಾಲು ಗಂಟೆ ಅಷ್ಟೇ. ಇಷಾ ರಾತ್ರಿ. ಈ ಮೂರೂ ಸಾಮಾನ್ಯವಾಗಿ ಮನೆಯಲ್ಲೋ ಮಸೀದಿಯಲ್ಲೋ ಆಗಿಬಿಡುತ್ತವೆ. ಆಫೀಸಿಗೆ ಉಳಿಯುವುದು ಎರಡೇ: ಮಧ್ಯಾಹ್ನದ ಜೊಹರ್ ಮತ್ತು ಸಂಜೆಗೆ ಮುಂಚಿನ ಅಸರ್. ಜೊಹರ್ ಊಟದ ಹೊತ್ತಿಗೇ ಬರುತ್ತದೆ, ಹಾಗಾಗಿ ಅದು ನಿಮ್ಮ ಕಣ್ಣಿಗೆ ಬಿದ್ದಿದೆ. ಅಸರ್‌ಗೆ ಅವರು ಟೀ ಬ್ರೇಕಿನಲ್ಲಿ ಹೋಗುತ್ತಿರಬಹುದು, ನೀವು ಗಮನಿಸಿರಲಿಕ್ಕಿಲ್ಲ.

ಕಡ್ಡಾಯದ ಭಾಗಕ್ಕೆ ಫರ್ಜ್ ಅಂತೀವಿ. ದಿನಕ್ಕೆ ಒಟ್ಟು 17 ರಕಾತ್: ಫಜರ್ 2, ಜೊಹರ್ 4, ಅಸರ್ 4, ಮಗ್ರಿಬ್ 3, ಇಷಾ 4. ನಿಂತು ಓದಿ, ಬಾಗಿ, ಎರಡು ಸಲ ಹಣೆ ನೆಲಕ್ಕಿಟ್ಟರೆ ಒಂದು ರಕಾತ್. ನಾಲ್ಕು ರಕಾತಿಗೆ ನನಗೆ ಐದಾರು ನಿಮಿಷ ಸಾಕು. ಇದರ ಮೇಲೆ ಸುನ್ನತ್ ಅಂತ ಇದೆ, ಪ್ರವಾದಿಯವರು ಮಾಡುತ್ತಿದ್ದ, ಫರ್ಜ್‌ನಷ್ಟು ಕಡ್ಡಾಯವಲ್ಲದ ರಕಾತ್‌ಗಳು. ಕ್ಲೋಸಿಂಗ್ ದಿನಗಳಲ್ಲಿ ಎಷ್ಟೋ ಸಲ ನಾನು ಫರ್ಜ್ ಮುಗಿಸಿ ಸುನ್ನತ್ ಬಿಟ್ಟು ಸೀಟಿಗೆ ಓಡಿದ್ದೇನೆ.

ನಿಜ ಹೇಳಬೇಕಂದರೆ ಕಷ್ಟ ಟೈಮಿನದಲ್ಲ, ಕಾಲಿನದು. ನಮಾಜಿಗೆ ಮುಂಚೆ ವುಜು ಆಗಬೇಕು. ಮುಖ, ಮೊಣಕೈವರೆಗೆ ಕೈ ತೊಳೆದು, ತಲೆಗೆ ಒದ್ದೆ ಕೈ ಸವರಿ, ಕೊನೆಗೆ ಪಾದ ತೊಳೆಯಬೇಕು. ಆಫೀಸಿನ ವಾಷ್‌ರೂಮಿನಲ್ಲಿ ನಲ್ಲಿ ಇರುವುದು ಸೊಂಟದ ಎತ್ತರಕ್ಕೆ. ಪ್ಯಾಂಟ್ ಮಡಚಿ, ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಸಿಂಕಿಗೆ ಎತ್ತಿಟ್ಟಿರುವಾಗಲೇ ಮ್ಯಾನೇಜರ್ ಒಳಗೆ ಬರಬೇಕಾ! ನನ್ನ ಹಳೇ ಕಂಪನಿಯಲ್ಲಿ ಹೀಗಾಗಿ, ಮಾರನೇ ದಿನವೇ ಕನ್ನಡಿ ಮೇಲೆ ‘ಸಿಂಕಿನಲ್ಲಿ ಕಾಲು ತೊಳೆಯಬೇಡಿ’ ಅಂತ ಚೀಟಿ ಬಿತ್ತು. ಆಗ ಬೇಜಾರಾಗಿತ್ತು. ಆದರೆ ನೆಲದ ಮೇಲೆ ನೀರು ಚೆಲ್ಲಿ ಬರುತ್ತಿದ್ದೆ, ಒರೆಸುವ ಅಮ್ಮನಿಗೆ ಅದು ಎರಡನೇ ಕೆಲಸ. ತಪ್ಪು ನನ್ನದೂ ಇತ್ತು.

ದಾರಿ ತೋರಿಸಿದವರು ನಮ್ಮ ಮಾಮು. ಚರ್ಮದ ಮೋಜಾ ಹಾಕ್ಕೊಳ್ಳೋ ಅಂದರು. ಬೆಳಿಗ್ಗೆ ಪೂರ್ತಿ ವುಜು ಮಾಡಿ, ಕಣಕಾಲು ಮುಚ್ಚುವ ಚರ್ಮದ ಕಾಲುಚೀಲ ಹಾಕಿದರೆ, ಆಮೇಲೆ ಶೌಚಕ್ಕೆ ಹೋಗಿ ವುಜು ಮುರಿದು ಮತ್ತೆ ಮಾಡುವಾಗ ಕಾಲು ತೊಳೆಯಬೇಕಿಲ್ಲ. ಒದ್ದೆ ಬೆರಳುಗಳನ್ನು ಮೋಜಾದ ಮೇಲೆ ಎಳೆದರೆ ಸಾಕು. ಊರಲ್ಲಿದ್ದವರಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣದಲ್ಲಿದ್ದವರಿಗೆ ಮೂರು ದಿನ ಇದು ನಡೆಯುತ್ತದೆ. ಬೇಸಿಗೆಯಲ್ಲಿ ಕಾಲು ಬೆಂದುಹೋಗುತ್ತದೆ ಅನ್ನೋದು ಬಿಟ್ಟರೆ ಬೇರೆ ತೊಂದರೆ ಇಲ್ಲ. ಜಾಗಕ್ಕೆ ಸ್ಟೇಷನರಿ ರೂಮಿನ ಮೂಲೆ ಇದೆ. ಬೆಂಗಳೂರಿನಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ಕಾಬಾದ ದಿಕ್ಕು, ಪಶ್ಚಿಮಕ್ಕೆ ಮುಖ ಮಾಡಿ ಸ್ವಲ್ಪ ಬಲಕ್ಕೆ, ಅಲ್ಲಿ ಅದು ಪ್ರಿಂಟರ್ ಪೇಪರಿನ ಬಂಡಲ್ ಕಡೆ ಬರುತ್ತದೆ.

ಅಸರ್ ವಿಷಯಕ್ಕೆ ಒಂದು ಮಾತು. ನಮಾಜಿನಂಥ ನಿಯಮಗಳಿಗೆ ಮುಸ್ಲಿಮರಲ್ಲಿ ಬೇರೆ ಬೇರೆ ಪದ್ಧತಿಗಳಿವೆ, ನಾವು ಹನಫಿ ಪದ್ಧತಿಯವರು. ಒಂದು ವಸ್ತುವಿನ ನೆರಳು ಅದರ ಎರಡರಷ್ಟು ಉದ್ದವಾದ ಮೇಲೆ ನಮಗೆ ಅಸರ್ ಶುರು. (ನಟ್ಟ ನಡು ಮಧ್ಯಾಹ್ನದ ನೆರಳನ್ನು ಇದರಲ್ಲಿ ಸೇರಿಸಲ್ಲ.) ಶಾಫಿ ಪದ್ಧತಿಯವರಿಗೆ ಒಂದರಷ್ಟಾದರೆ ಸಾಕು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ನಮ್ಮ ಟೀಮಿನ ಮಂಗಳೂರು ಹುಡುಗ ನನಗಿಂತ ಮುಂಚೆಯೇ ‘ನಿಸ್ಕಾರ ಆಯ್ತು’ ಅಂತ ಬಂದು ಕೂತಿರುತ್ತಾನೆ. ಬ್ಯಾರಿ ಮಾತಿನಲ್ಲಿ ನಮಾಜಿಗೆ ಹಾಗನ್ನುತ್ತಾರೆ.

ಇನ್ನು ತಪ್ಪಿದರೆ? ಬೇಕಂತಲೇ ಬಿಡೋದು ದೊಡ್ಡ ಪಾಪ. ನಿದ್ದೆಯಲ್ಲೋ ಮರೆವಿನಲ್ಲೋ ಹೋದರೆ ನೆನಪಾದ ಮೇಲೆ ಮಾಡಬೇಕು, ಅದಕ್ಕೆ ಕಜಾ ಅಂತ ಹೆಸರು. ನನಗೆ ತಪ್ಪುವುದು ಯಾವಾಗಲೂ ಫಜರ್. ಆ ಆಜಾನಿನಲ್ಲಿ ಮಾತ್ರ ‘ನಿದ್ದೆಗಿಂತ ನಮಾಜ್ ಒಳ್ಳೆಯದು’ ಅಂತ ಒಂದು ಸಾಲು ಜಾಸ್ತಿ ಇರುತ್ತದೆ, ಅದನ್ನು ಕೇಳಿಸಿಕೊಂಡೇ ಮಗ್ಗುಲು ಬದಲಿಸಿದ್ದೂ ಉಂಟು. ಆಗ ಸೂರ್ಯ ಸ್ವಲ್ಪ ಮೇಲೇರುವವರೆಗೆ ಕಾಯಬೇಕು, ಸರಿಯಾಗಿ ಹುಟ್ಟುವ ಹೊತ್ತಿನಲ್ಲಿ ಮಾಡುವಂತಿಲ್ಲ.

ಹಾಂ, ಅವರು ಕೈ ಕಟ್ಟಿ ನಿಂತಿರುವಾಗ ಏನಾದರೂ ಕೇಳಿ, ಉತ್ತರ ಬರಲಿಲ್ಲ ಅಂತ ತಪ್ಪು ತಿಳಿಯಬೇಡಿ. ನಡುವೆ ಮಾತಾಡಿದರೆ ನಮಾಜ್ ಮುರಿಯುತ್ತದೆ, ಮೊದಲಿಂದ ಮಾಡಬೇಕು. ಕೂತು, ಬಲಕ್ಕೊಮ್ಮೆ ಎಡಕ್ಕೊಮ್ಮೆ ಕತ್ತು ತಿರುಗಿಸಿದರು ಅಂದರೆ ಮುಗಿಯಿತು. ಆಮೇಲೆ ಧಾರಾಳವಾಗಿ ಮಾತಾಡಿಸಿ.