ಲ್ಯಾಬ್‌ನಲ್ಲಿ ಎಚ್‌ಐವಿ ‘ರಿಯಾಕ್ಟಿವ್’, ಅಂದರೆ ಸೋಂಕು ಇರಬಹುದು ಅಂತ ಬಂದಿದೆ. ಖಚಿತ ಮಾಡಿಕೊಳ್ಳಲು ಬೇರೆ ಯಾವ ಲ್ಯಾಬ್‌ಗೆ ಹೋಗಲಿ?

ಯಾವ ಲ್ಯಾಬ್‌ಗೂ ಹೋಗಬೇಡಿ. ಆ ಓಡಾಟ ನಾನು ಮಾಡಿದ್ದೇನೆ.

2019ರಲ್ಲಿ ಹರ್ನಿಯಾ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರು. ಶುಗರ್ ಜೊತೆ ಎಚ್‌ಐವಿ ಪರೀಕ್ಷೆಯೂ ಇತ್ತು. ರಿಯಾಕ್ಟಿವ್. ಯಾರೂ ಕೂರಿಸಿ ಮಾತಾಡಲಿಲ್ಲ, ಕವರ್ ಕೈಗೆ ಕೊಟ್ಟು ಕಳಿಸಿದರು. ಅದೇ ಸಂಜೆ ಇನ್ನೊಂದು ಲ್ಯಾಬ್, ಮಾರನೇ ದಿನ ಪಕ್ಕದ ಊರಲ್ಲಿ ಮತ್ತೊಂದು. ಎರಡರಲ್ಲೂ ರಿಯಾಕ್ಟಿವ್. ಮೂರು ಕಡೆ ಬಂದ ಮೇಲೆ ಇನ್ನೇನು ಉಳಿಯಿತು ಅಂದುಕೊಂಡೆ. ಸೊಂಟ ನೋವು ಅಂತ ಹೆಂಡತಿಗೆ ಸುಳ್ಳು ಹೇಳಿ 40 ದಿನ ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿದೆ. ಒಟ್ಟಿಗೆ ಉಂಡರೆ ಹರಡಲ್ಲ ಅಂತ ಗೊತ್ತಿದ್ದರೂ, ಮಗಳು ನನ್ನ ತಟ್ಟೆಗೆ ಕೈ ಹಾಕಿದರೆ ಬೆಚ್ಚಿಬೀಳುತ್ತಿದ್ದೆ.

ಕೊನೆಗೆ ಜಿಲ್ಲಾ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಸರ್ಕಾರಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋದೆ. ಕೌನ್ಸೆಲರ್ ಮೇಡಂ ಮೂರೂ ರಿಪೋರ್ಟ್ ಮೇಜಿನ ಮೇಲೆ ಸಾಲಾಗಿ ಇಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ ಪರೀಕ್ಷೆಗೆ ಬಳಸಿದ ಕಿಟ್ ಹೆಸರಿತ್ತು. ಮೂರರಲ್ಲೂ ಒಂದೇ ಕಿಟ್!

ನನ್ನ ತಪ್ಪು ಇದೇ. ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಇಂಥ ಕಿಟ್‌ಗಳು ಮುಖ್ಯವಾಗಿ ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅದಕ್ಕಾಗಿ ವೈರಸ್‌ನ ಕೆಲವು ಪ್ರೋಟೀನ್ ತುಣುಕುಗಳನ್ನು ಕಿಟ್‌ನಲ್ಲಿ ಹಚ್ಚಿರುತ್ತಾರೆ. ಬೇರೆ ಯಾವುದೋ ಪ್ರತಿಕಾಯ ಆ ತುಣುಕಿಗೆ ಅಂಟಿಕೊಂಡರೂ ರಿಯಾಕ್ಟಿವ್ ಅಂತ ತೋರಿಸುವ ಗೆರೆ ಮೂಡಬಹುದು. ಅದೇ ರಕ್ತ, ಅದೇ ಕಿಟ್ ಆದರೆ ಅದೇ ತಪ್ಪು ಮತ್ತೆ ಬರಬಹುದು, ಅಲ್ವಾ? ಒಬ್ಬನನ್ನೇ ಮೂರು ಸಲ ಕೇಳಿ ಮೂರು ಸಾಕ್ಷಿ ಸಿಕ್ಕಿತು ಅಂತ ಎಣಿಸಿದ್ದೆ. ಸೋಂಕಿದ್ದವರು ಯಾರೂ ತಪ್ಪಿಹೋಗಬಾರದು ಅಂತಲೇ ಸ್ಕ್ರೀನಿಂಗ್, ಅಂದರೆ ಮೊದಲ ಹಂತದ ಪರೀಕ್ಷೆ ಮಾಡುವುದು. ಹಾಗಾಗಿ ಇಲ್ಲದವರೂ ಕೆಲವೊಮ್ಮೆ ಸಿಕ್ಕಿಬೀಳುತ್ತಾರೆ. ಐಸಿಟಿಸಿಯಲ್ಲಿ ಮೊದಲ ಕಿಟ್ ರಿಯಾಕ್ಟಿವ್ ಬಂದರೆ, ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ನಲ್ಲಿ ನೋಡುತ್ತಾರೆ. ನನಗೆ ಮೊದಲನೆಯದರಲ್ಲಿ ಗೆರೆ ಬಂತು, ಉಳಿದೆರಡರಲ್ಲಿ ಬರಲಿಲ್ಲ. ನೆಗೆಟಿವ್. ಆವತ್ತು ರಾತ್ರಿ ಹೆಂಡತಿ ಎಲ್ಲ ಕೇಳಿಸಿಕೊಂಡು, “ನನ್ನನ್ನೂ ಕರ್ಕೊಂಡು ಹೋಗಬಾರದಿತ್ತಾ?” ಅಂದಳು. ಅದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರ ಇಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಪರಿಚಯದವರು ನೋಡಿಬಿಡುತ್ತಾರೆ ಅಂತ ನೀವು ಹೆದರಿರಬಹುದು. ಆ ಹೆದರಿಕೆ ಬಿಡಿ. ನನ್ನ ಹೆಸರನ್ನೂ ಪರೀಕ್ಷೆಯನ್ನೂ ಎಲ್ಲರೆದುರು ಕೂಗಿದ್ದು ಖಾಸಗಿ ಲ್ಯಾಬ್‌ನ ಕೌಂಟರ್‌ನಲ್ಲಿ. ಐಸಿಟಿಸಿಯಲ್ಲಿ ಬಾಗಿಲು ಮುಚ್ಚಿ ಮಾತಾಡಿದರು, ಒಂದು ರೂಪಾಯಿ ತಗೊಳ್ಳಲಿಲ್ಲ. ಗುಟ್ಟು ಕಾಪಾಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ನಿಮಗೂ ನೆಗೆಟಿವ್ ಬರುತ್ತೆ ಅಂತ ಸುಮ್ನೆ ಸಮಾಧಾನ ಹೇಳಲಾರೆ. ಪಾಸಿಟಿವ್ ಬಂದರೆ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಮಾತ್ರೆ ಉಚಿತವಾಗಿ ಕೊಡುತ್ತಾರೆ. ದಿನಾ ತಗೊಂಡು ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ. ಇತ್ತೀಚೆಗೆ ಏನಾದರೂ ಅಪಾಯದ ಸಂಪರ್ಕ ಆಗಿದ್ದರೆ ಕೌನ್ಸೆಲರ್‌ಗೆ ಮುಚ್ಚಿಡದೆ ಹೇಳಿ. ಹಾಗಿದ್ದಾಗ ನೆಗೆಟಿವ್ ಬಂದರೂ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ನೋಡಬೇಕಾಗುತ್ತದೆ.

ಹತ್ತಿರದ ಐಸಿಟಿಸಿ ಎಲ್ಲಿದೆ ಅಂತ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ. ನಾಳೆಯೇ ಹೋಗಿ. ಆ ಹಳೇ ರಿಪೋರ್ಟೂ ತಗೊಂಡು ಹೋಗಿ.